ಅರಿಶಿಣ ಅಂಚಿನ ಪೋಸ್ಟರುಗಳು

ಸಾಂಗಲಿ, ಮಿರಜದಲ್ಲಿ ಹಳೆಯ ಸಿನೆಮಾ ಪೋಸ್ಟರು ಕೂಡಿಟ್ಟವರು ಇನ್ನೂ ಕೆಲವರು ಇರಬಹುದು. ಆದರೆ ಒಂದು ಹುಳವನ್ನೂ ಕೊಲ್ಲದೆ ಕಾಪಾಡಿದವರು ನಾವೇ. ಯಾರು ಕೇಳಲಿ ಬಿಡಲಿ, ಈ ಮಾತನ್ನು ಹೇಳಿಯೇ ತೀರುತ್ತೇನೆ. ನನ್ನ ಹೆಂಡತಿಗೆ ಕೇಳಿ ಕೇಳಿ ಸಾಕಾಗಿದೆ.

ಮಿರಜದ ಒಂದು ಟಾಕೀಜಿನಲ್ಲಿ ನಾನು ಟಿಕೀಟು ಕೊಡುತ್ತಿದ್ದೆ. ಸ್ಟೇಶನ್ನು ಹತ್ತಿರ, ದವಾಖಾನೆಗಳೂ ಹತ್ತಿರ. ಕರ್ನಾಟಕದಿಂದ ರೋಗಿಗಳ ಜೊತೆ ಬಂದವರು ಬೇಸರ ಕಳೆಯಲು ಬರುತ್ತಾರೆಂದು ಮಾಲಕರು ಆಗಾಗ ಕನ್ನಡ ಸಿನೆಮಾ ಹಾಕುತ್ತಿದ್ದರು. ಆಮೇಲೆ ಮನೆಮನೆಗೆ ಕೇಬಲ್ ಬಂತು. ಸಾಂಗಲಿ ಮಿರಜದ ನಡುವಿನ ವಿಶ್ರಾಮಬಾಗದ ಕಡೆ ಕಟ್ಟಡದ ಮೇಲೆ ಕಟ್ಟಡ ಎದ್ದವು. ನಮ್ಮ ಟಾಕೀಜನ್ನೂ ಕೆಡವಿ ಅಂಗಡಿಗಳ ಕಾಂಪ್ಲೆಕ್ಸು ಕಟ್ಟುವುದೆಂದಾಯಿತು. ಪೋಸ್ಟರುಗಳನ್ನೆಲ್ಲ ರದ್ದಿಗೆ ಹಾಕಲು ಹೊರಟಿದ್ದರು. ನನಗೆ ಸಿಟ್ಟು ನೆತ್ತಿಗೇರಿತು. ಮಾಲಕರನ್ನು ಕೇಳಿ ಹಿಂದಿ, ಮರಾಠಿ, ಕನ್ನಡ ಎನ್ನದೆ ಎಲ್ಲವನ್ನೂ ಟೆಂಪೊದಲ್ಲಿ ಹೇರಿಕೊಂಡು ಸಾಂಗಲಿಯ ಮನೆಗೆ ತಂದೆ.

ನಮ್ಮದು ಜೈನರ ಮನೆ. ಅವ್ವ ಹೊತ್ತು ಮುಳುಗಿದ ಮೇಲೆ ಉಣ್ಣುವವಳಲ್ಲ, ಟಾಕೀಜಿನ ಮೆಟ್ಟಿಲು ಹತ್ತಿದವಳೂ ಅಲ್ಲ. ನಟಿಯರ ಚಿತ್ರ ನೋಡಿ ಮುಖ ತಿರುಗಿಸಿದಳು, ಆದರೂ ಅಟ್ಟದ ಮೇಲೆ ಜಾಗ ಕೊಟ್ಟಳು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಕಾಗದ ತಿನ್ನುವ ಬಿಳಿ ಹುಳ ಬಿದ್ದು ಒಬ್ಬ ನಾಯಕನ ಅರ್ಧ ಮೀಸೆ ಹೋಗಿತ್ತು. ನಾನು ಪೇಟೆಗೆ ಓಡಿ ಹುಳ ಕೊಲ್ಲುವ ಔಷಧಿಯ ಡಬ್ಬಿ ತಂದೆ. ಅವ್ವ ಏಣಿಗೆ ಅಡ್ಡ ನಿಂತಳು.

“ಜೀವ ತಗದು ಕಾಗದ ಉಳಸೂದು ಈ ಮನ್ಯಾಗ ನಡಿಯಂಗಿಲ್ಲ. ಔಷಧ ಹೊಡಿಯೂದಿದ್ರ ಮೊದಲ ಆ ಗಂಟು ಹೊರಗ ಹಾಕು.”

ಹೊರಗೆ ಹಾಕಿದರೆ ರದ್ದಿಯವನ ಪಾಲು, ಇಟ್ಟುಕೊಂಡರೆ ಹುಳದ ಪಾಲು. ನಾನು ಮುನಿಸಿಕೊಂಡು ಮಾತು ಬಿಟ್ಟೆ. ಕೊನೆಗೆ ಅವ್ವನೇ ಒಂದು ದಿನ, ಬಸದಿಯಲ್ಲಿ ಅಜ್ಜನ ಕಾಲದ ಗ್ರಂಥಗಳು ಯಾವ ಔಷಧದಿಂದ ಉಳಿದಿವೆ ಹೇಳು ಎಂದು ಕೇಳಿದಳು. ಅವನ್ನು ವರ್ಷಕ್ಕೊಮ್ಮೆ, ಮಳೆ ಹಿಡಿಯುವ ಮುಂಚೆ ಬರುವ ಶ್ರುತಪಂಚಮಿ ಹಬ್ಬಕ್ಕೆ ಹೊರಗೆ ತೆಗೆದು, ಮೆತ್ತಗೆ ಒರೆಸಿ, ಗಾಳಿಗಿಟ್ಟು, ಹೊಸ ಬಟ್ಟೆಯಲ್ಲಿ ಕಟ್ಟುತ್ತಾರೆ. ಪೋಸ್ಟರುಗಳಿಗೂ ಅದೇ ಆಗಲಿ ಎಂದಳು. ಹೀಗೆ ನಮ್ಮಲ್ಲಿ ಹಬ್ಬದ ದಿನ ಗ್ರಂಥ, ಮರುದಿನ ಸಿನೆಮಾ ಎಂದಾಯಿತು.

ಗೋಡೆಹಲಗೆಯಿಂದ ಕಿತ್ತ ಪೋಸ್ಟರುಗಳ ಹಿಂದೆ ಮೈದಾ ಅಂಟು ಒಣಗಿತ್ತು. ಹುಳಕ್ಕೆ ಅದೇ ಊಟ, ಕೆರೆದು ತೆಗೆದೆವು. ಮಡಿಕೆ ಬಿಡಿಸಿ, ನೆರಳಲ್ಲಿ ಆರಿಸಿ, ಹಲಗೆಯ ಮೇಲೆ ಚಪ್ಪಟೆಯಾಗಿ ಜೋಡಿಸಿದೆವು. ಹುಳಗಳನ್ನು ಅವ್ವ ಮೆತ್ತನೆಯ ಬಟ್ಟೆಯಿಂದ ಮೊರಕ್ಕೆ ಸರಿಸಿ ಹಿತ್ತಿಲ ಗಿಡದ ಬುಡಕ್ಕೆ ಬಿಟ್ಟು ಬಂದಳು. ಅಲ್ಲಿಯವರೆಗೆ ಎಲ್ಲ ಸರಿಯಾಗಿತ್ತು. ಬಸದಿಯ ಗ್ರಂಥಕ್ಕೆ ಹಳದಿ ಬಟ್ಟೆಯನ್ನೇ ಸುತ್ತುತ್ತಾರೆ, ಅರಿಶಿಣದ ಹತ್ತಿರ ಹುಳ ಸುಳಿಯುವುದಿಲ್ಲ ಎಂದು ಅವ್ವ ಸುತ್ತುವ ಬಟ್ಟೆಯನ್ನು ಅರಿಶಿಣದ ನೀರಿಗೇ ಅದ್ದಿದಳು. ಅರಿಶಿಣದ ಪೇಟೆಯಾದ ಸಾಂಗಲಿಯಲ್ಲಿ ಅರಿಶಿಣಕ್ಕೇನು ಬರ? ಕೈ ಧಾರಾಳವಾಯಿತು. ಮಳೆಗಾಲದ ತೇವಕ್ಕೆ ಬಟ್ಟೆ ಬಣ್ಣ ಬಿಟ್ಟು ಪೋಸ್ಟರುಗಳ ಬಿಳಿ ಅಂಚೆಲ್ಲ ಹಳದಿಯಾಯಿತು. ಅವ್ವ ತಲೆಯ ಮೇಲೆ ಕೈಹೊತ್ತು ಕುಳಿತಳು. ನನಗೆ ನಗು ತಡೆಯಲಿಲ್ಲ. ನಾಯಕ ನಾಯಕಿಯರೆಲ್ಲ ಅರಿಶಿಣ ಹಚ್ಚಿಸಿಕೊಂಡ ಮದುಮಕ್ಕಳ ಹಾಗೆ ಕಂಡರು. ಆದರೆ ಹೊಸದಾಗಿ ಒಂದು ತೂತೂ ಬಿದ್ದಿರಲಿಲ್ಲ. ಮುಂದಿನ ವರ್ಷದಿಂದ ಅಪ್ಪನ ಹಳೆಯ ಬಿಳಿ ಧೋತರಗಳನ್ನೇ ಸುತ್ತತೊಡಗಿದೆವು.

ಎಷ್ಟೋ ವರ್ಷಗಳ ಮೇಲೆ, ಊರ ತುಂಬ ಪ್ಲಾಸ್ಟಿಕ್ಕಿನ ಫ್ಲೆಕ್ಸುಗಳೇ ತೂಗುತ್ತಿದ್ದ ಕಾಲಕ್ಕೆ, ವಿಶ್ರಾಮಬಾಗದ ಒಂದು ಕಾಲೇಜಿನವರು ಪ್ರದರ್ಶನಕ್ಕೆಂದು ನಮ್ಮ ಪೋಸ್ಟರು ಕೇಳಿದರು. ಚೌಕಟ್ಟು ಹಾಕುವ ಮೊದಲು ಹಳದಿ ಅಂಚನ್ನು ಕತ್ತರಿಸಿಬಿಡೋಣವೇ ಎಂದು ಪ್ರಾಧ್ಯಾಪಕರು ಮರಾಠಿಯಲ್ಲಿ ಕೇಳಿದರು. ಕೈ ಹಚ್ಚಬೇಡಿ ಎಂದೆ, ಸ್ವಲ್ಪ ಜೋರಾಗಿಯೇ.

ಅವ್ವನನ್ನು ರಿಕ್ಷಾದಲ್ಲಿ ಕರೆದೊಯ್ದೆ. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಒಂದೊಂದರ ಹತ್ತಿರ ನಿಂತು ಅಂಚನ್ನು ಪರೀಕ್ಷಿಸುತ್ತ ಹೋದಳು. ಇದರಲ್ಲಿ ಎಷ್ಟು ಸಿನೆಮಾ ನೋಡಿದ್ದೀರಿ ಎಂದು ಒಬ್ಬ ವಿದ್ಯಾರ್ಥಿನಿ ಅರ್ಧ ಮರಾಠಿ, ಅರ್ಧ ಕನ್ನಡದಲ್ಲಿ ಕೇಳಿದಳು.

“ಒಂದೂ ನೋಡಿಲ್ಲ ಮಗಳ. ವರ್ಷಾ ವರ್ಷಾ ನಾನ ಒರಸೀನಿ. ಒಂದ ಹುಳಾನೂ ಸತ್ತಿಲ್ಲ.”

ಅವಳಿಗೆ ಎಷ್ಟು ತಿಳಿಯಿತೋ. ನನ್ನ ಎದೆ ಮಾತ್ರ ಉಬ್ಬಿತು. ಇವಳು ನನ್ನ ಅವ್ವ ಎಂದು ಆ ಸಭಾಗೃಹಕ್ಕೆಲ್ಲ ಕೂಗಿ ಹೇಳಬೇಕೆನ್ನಿಸಿತು. ಅಷ್ಟರಲ್ಲಿ ಅವ್ವ ಅರ್ಧ ಮೀಸೆಯ ನಾಯಕನ ಮುಂದೆ ನಿಂತಿದ್ದಳು.

“ಇವನ ಮೀಶಿ ಅಷ್ಟ ತಿಂದಾವ ನೋಡ,” ಎಂದು ಆ ಹುಡುಗಿಗೆ ತೋರಿಸಿದಳು. “ಇರಲಿ. ಅವಕ್ಕೂ ಹಸಿವಿ ಇರ್ತೈತಿ.”