ಕೈಯಿಂದ ಕೈಗೆ ಉಪ್ಪು

ಎರಡನೇ ಮಹಾಯುದ್ಧದ ವರ್ಷಗಳಲ್ಲಿ ದೊಡ್ಡಬಳ್ಳಾಪುರದ ಹೈಸ್ಕೂಲಿನಲ್ಲಿ ನಮಗೆ ರಸಾಯನಶಾಸ್ತ್ರ ಹೇಳಿಕೊಡುತ್ತಿದ್ದ ಮೇಷ್ಟ್ರು, ಬೋರ್ಡಿನ ಮೇಲೆ ಸೋಡಿಯಂ ಬರೆದು, ಅದರ ಹೊರಸುತ್ತಿನ ಒಂಟಿ ಎಲೆಕ್ಟ್ರಾನನ್ನು ಹೆಬ್ಬೆರಳಿನಿಂದ ಒರೆಸಿ, ಕ್ಲೋರಿನ್ನಿನ ಹೊರಸುತ್ತಿನಲ್ಲಿ ಖಾಲಿಯಿದ್ದ ಜಾಗಕ್ಕೆ ಇಡುತ್ತಿದ್ದರು. ಕೊಟ್ಟದ್ದಕ್ಕೆ ಪ್ಲಸ್, ತೆಗೆದುಕೊಂಡದ್ದಕ್ಕೆ ಮೈನಸ್. "ಈಗ ಎರಡೂ ಅಯಾನು. ಇನ್ನು ಒಂದನ್ನೊಂದು ಬಿಡಲ್ಲ ಕಣ್ರಪ್ಪಾ," ಎನ್ನುತ್ತ ಪ್ರತಿ ಸಲವೂ ಶೇರ್ವಾನಿಗೇ ಕೈ ಒರೆಸಿಕೊಳ್ಳುವರು.

ನಾನೂ ಪಕ್ಕದ ಬೆಂಚಿನ ಗೆಳೆಯನೂ ಮಾತು ಬಿಟ್ಟಿದ್ದು ಅವರಿಗೆ ಗೊತ್ತಿತ್ತು. ಒಂದು ದಿನ ಅವನ ಅಂಗೈಗೆ ಉಪ್ಪಿನ ಹರಳೊಂದನ್ನು ಹಾಕಿ, ನನಗೆ ಕೊಡಲು ಹೇಳಿದರು. ಅವನು ಮುಷ್ಟಿ ಬಿಗಿದುಕೊಂಡ.

"ಉಪ್ಪು ಕೈಯಿಂದ ಕೈಗೆ ಕೊಟ್ರೆ ಜಗಳ ಆಗುತ್ತಂತೆ ಸಾರ್."

"ಒಬ್ಬ ಕೊಟ್ಟು ಒಬ್ಬ ತಗೊಂಡಿದ್ದಕ್ಕೇ ಅಲ್ವೇನಪ್ಪಾ ಅದು ಉಪ್ಪಾಗಿದ್ದು," ಎಂದರು ಮೇಷ್ಟ್ರು.

ನಾನು ಕೈ ಒಡ್ಡಿದೆ. ಹರಳು ಅವನ ಬೆವರಿಗೆ ಒದ್ದೆಯಾಗಿತ್ತು.