ದುರ್ಗಯ್ಯನ ಹೆಸರಿನ ಲೋಟ

ದಬ್ಬೇಘಟ್ಟದ ಕಡೆಯ ಆ ಊರಿನವರಿಗೆ ದುರ್ಗಯ್ಯನ ಮೇಲೆ ಪ್ರೀತಿ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಪ್ರೀತಿ ಬೇಕಾದಷ್ಟಿತ್ತು. ಅವನ ಮೈ ಉರಿಸಿದ್ದು ಆ ಪ್ರೀತಿಯೇ.

ಊರ ಹೊರಗಿನ ಕೇರಿಯಲ್ಲಿ ಹುಟ್ಟಿದವನು. ಮೀಸೆ ಮೂಡುವ ಮೊದಲೇ ಚೇರ್ಮನ್ ದೊಡ್ಡರಂಗಯ್ಯನ ತೋಟದಲ್ಲಿ ತೆಂಗಿನಕಾಯಿ ಸುಲಿಯಲು ನಿಂತ. ಅವನು ಸುಲಿದ ಕಾಯಿ ದೇವರ ಮುಂದೆ ಒಡೆಯಲು ಆಗುತ್ತಿತ್ತು, ಅವನು ಮುಟ್ಟಿದ ಲೋಟ ಮಾತ್ರ ಯಾರಿಗೂ ಆಗುತ್ತಿರಲಿಲ್ಲ. ವೆಂಕಟಯ್ಯನ ಹೋಟೆಲಿನಲ್ಲಿ ಕೇರಿಯವರ ಲೋಟಗಳು ಹೊರಗೆ ಸೂರಿನ ಸಂದಿಯಲ್ಲಿರುತ್ತಿದ್ದವು. ತಾವೇ ತೆಗೆದುಕೊಂಡು, ಅಂಗಳದಲ್ಲಿ ನಿಂತು ಕುಡಿದು, ತಾವೇ ತೊಳೆದು ಸಿಕ್ಕಿಸಿ ಹೋಗಬೇಕು. ಎಂಥ ಅಚ್ಚುಕಟ್ಟು ನೋಡಿ! ದುರ್ಗಯ್ಯನಿಗೆ ಸಾಕಾಗಿ ಹೋಯಿತು. ಬೆಂಗಳೂರಿಗೆ ಹೋಗಿ ಮಿಲಿಟರಿ ಸೇರಿದ.

ಎಪ್ಪತ್ತೊಂದರ ಯುದ್ಧದಲ್ಲಿ, ನೆಲದಲ್ಲಿ ಹೂತಿಟ್ಟ ಬಾಂಬುಗಳನ್ನು ಕಿತ್ತು ಟ್ಯಾಂಕುಗಳಿಗೆ ದಾರಿ ಮಾಡುವುದು ಅವನ ದಳದ ಕೆಲಸ. ಸುಬೇದಾರ್ ನಾಯರ್ ಕಾಲಿಗೆ ಗುಂಡು ತಗುಲಿ ಆ ಬಾಂಬುಗಳ ನಡುವೆಯೇ ಬಿದ್ದರು. ಹಿಂದಕ್ಕೆ ಬನ್ನಿ ಎಂದು ಹುಕುಂ ಬಂದರೂ ದುರ್ಗಯ್ಯ ಮುಂದಕ್ಕೆ ತೆವಳಿದ. ಮಣ್ಣು ಕೆದಕುತ್ತ, ಕೈಗೆ ಸಿಕ್ಕಿದ್ದನ್ನು ಕಿತ್ತಿಡುತ್ತ ಹೋಗಿ ಅವರನ್ನು ಬೆನ್ನ ಮೇಲೆ ಹೊತ್ತು ತಂದ. ಬೆನ್ನಿಗೇರುವ ಮುಂಚೆ ನಾಯರ್ ಇವನ ಬಾಟಲಿಗೇ ಬಾಯಿಟ್ಟು ನೀರು ಕುಡಿದಿದ್ದರು. ದುರ್ಗಯ್ಯ ಮತ್ತೆ ಹೋಗಿ ಉಳಿದ ದಾರಿ ತೆರೆಯುವಾಗ ಒಂದು ಬಾಂಬು ಸಿಡಿದು ಎಡಗೈಯ ಎರಡು ಬೆರಳು ಹೋದವು. ಟ್ಯಾಂಕುಗಳು ದಾಟಿದವು. ಅವನಿಗೆ ವೀರಚಕ್ರ ಬಂತು.

ಎಪ್ಪತ್ತಮೂರರಲ್ಲಿ ಊರಿಗೆ ಬಂದಾಗ ವಾಲಗ, ಹಾರ, ಜೈಕಾರ. ಮೆರವಣಿಗೆ ವೆಂಕಟಯ್ಯನ ಹೋಟೆಲಿನ ಹತ್ತಿರ ಮುಗಿಯುವುದಿತ್ತು. ಅಂಗಿಗೆ ಪದಕ ಸಿಕ್ಕಿಸಿಕೊಳ್ಳುತ್ತ ದುರ್ಗಯ್ಯ ಹೆಂಡತಿ ಕೆಂಪಕ್ಕನಿಗೆ ಹೇಳಿದ್ದ: “ಇವತ್ತು ಒಳಕ್ಕೆ ಕರೀತಾರೆ ಕಣೇ. ಎಲ್ರ ಜೊತೆ, ಎಲ್ರ ಲೋಟದಲ್ಲೇ ಟೀ ಕುಡ್ದು ಬತ್ತೀನಿ.” ಪ್ರಾಣ ಪಣಕ್ಕಿಟ್ಟವನು ಊರಿನಿಂದ ಬಯಸಿದ್ದು ಅಷ್ಟೇ.

ಒಳಕ್ಕೆ ಕರೆದರು. ಚೇರ್ಮನ್ನರ ಪಕ್ಕದ ಬೆಂಚಿನಲ್ಲೇ ಕೂರಿಸಿದರು. ಎಲ್ಲರ ಮುಂದೆ ಗಾಜಿನ ಲೋಟಗಳು ಬಂದವು. ಆಮೇಲೆ ವೆಂಕಟಯ್ಯ ಫಳಫಳ ಹೊಳೆಯುವ ಸ್ಟೀಲ್ ಲೋಟವೊಂದನ್ನು ತಟ್ಟೆಯಲ್ಲಿಟ್ಟು ತಂದ. ಅದರ ಮೇಲೆ ‘ವೀರಚಕ್ರ ದುರ್ಗಯ್ಯ’ ಎಂದು ಕೆತ್ತಿಸಿತ್ತು. ಜನ ಚಪ್ಪಾಳೆ ತಟ್ಟಿದರು.

“ಸೂರಿನ ಲೋಟ ಇನ್ ನಿಂಗ್ಯಾಕಪ್ಪ? ತಿಪಟೂರಿಂದ ತರಿಸಿದ್ದು. ಇದು ನಿಂದೇ, ಬೇರೆ ಯಾರೂ ಮುಟ್ಟಲ್ಲ,” ಎಂದ ವೆಂಕಟಯ್ಯ. ಅವನ ಮುಖದ ತುಂಬ ನಿಜವಾದ ಸಂತೋಷವಿತ್ತು. ಅದನ್ನು ನೆನೆದರೆ ಇನ್ನೂ ಹೊಟ್ಟೆ ಉರಿಯುತ್ತದೆ.

ದುರ್ಗಯ್ಯ ಕೈಯನ್ನು ತೊಡೆಯ ಮೇಲಿಂದ ಎತ್ತಲಿಲ್ಲ. “ಚೇರ್ಮನ್ನರೇ, ನೀವು ಇದ್ರಲ್ಲಿ ಕುಡೀರಿ. ನಿಮ್ ಲೋಟ ನಂಗೆ ಕೊಡಿ.”

ದೊಡ್ಡರಂಗಯ್ಯ ಹಲ್ಲು ಕಿರಿದ. “ಗೌರವ ಮಾಡಿದ್ರೆ ಇಂಗಾ ಆಡೋದು? ಅದೆಲ್ಲ ಬುಡು, ಯುದ್ಧದ ಕತೆ ಹೇಳು.”

ದುರ್ಗಯ್ಯ ಎದ್ದು ಹೊರಟುಬಿಟ್ಟ. ಮತ್ತೆ ಆ ಹೋಟೆಲಿಗೆ ಕಾಲಿಡಲಿಲ್ಲ. ಪದಕ ಬಂದು ಸೊಕ್ಕು ಏರಿದೆ ಎಂದು ಊರು ಆಡಿಕೊಂಡಿತು. ಸೊಕ್ಕಂತೆ! ಲೋಟವನ್ನು ಮಾತ್ರ ವೆಂಕಟಯ್ಯ ಬೇರೆ ಗೂಡಿನಲ್ಲಿಟ್ಟು, ಬಂದ ಅಧಿಕಾರಿಗಳಿಗೆಲ್ಲ ತೋರಿಸುತ್ತಿದ್ದ.

ಎಂಬತ್ತೆರಡರ ಆಗಸ್ಟ್ ಹದಿನೈದಕ್ಕೆ ಬಂದ ಹೊಸ ತಹಶೀಲ್ದಾರರು ಅದನ್ನು ಕೈಗೆತ್ತಿಕೊಂಡು, “ಅಂಥ ವೀರನ ಲೋಟ! ಇದರಲ್ಲೇ ಟೀ ಕೊಡಿ, ನನಗೂ ಪುಣ್ಯ ಬರಲಿ,” ಎಂದರು. ವೆಂಕಟಯ್ಯ ಓಡಿ ಬಂದು, “ಅಯ್ಯಯ್ಯೋ, ಅದ್ರಲ್ಲಿ ಬ್ಯಾಡಿ ಸಾರ್!” ಎಂದು ಅಡ್ಡ ನಿಂತ.

ಸಂಜೆ ಹೊತ್ತಿಗೆ ಸುದ್ದಿ ಕೇರಿಗೆ ಬಂತು. ಹೇಳಿದವಳು ಕೆಂಪಕ್ಕ.

“ನಾನು ಅದನ್ನ ಕೈಯಲ್ಲೂ ಮುಟ್ಟಿರ್ಲಿಲ್ಲ ಕಣೇ ಕೆಂಪಿ,” ಎಂದ ದುರ್ಗಯ್ಯ. “ಬರೀ ನನ್ನ ಹೆಸ್ರು ಇತ್ತು.”