ಅಳಿಸಿದ ಲೈಸೆನ್ಸು

ತೊಂಬತ್ತರ ದಶಕದ ಕೊನೆಗೆ ಹಿಂದೂಪುರದಲ್ಲಿ ನನ್ನದೊಂದು ಕಂಪ್ಯೂಟರ್ ಅಂಗಡಿ ಇತ್ತು. ಪತ್ರಿಕೆಯೊಂದರ ಜೊತೆ ಬಂದ ಸಿಡಿಯಲ್ಲಿ, ಲೆಕ್ಕದ ಪ್ರೋಗ್ರಾಮನ್ನು ಡೇಟಾಬೇಸಿಗೆ ಜೋಡಿಸುವ ಸಾಫ್ಟ್‌ವೇರ್ ಬಿಟ್ಟಿಯಾಗಿ ಸಿಕ್ಕಿತು. ಬಿಟ್ಟಿ ಎಂದರೆ ನನಗೆ ದಿಗಿಲು. ಡಿಕ್ಷನರಿ ಇಟ್ಟುಕೊಂಡು ಅದರ ಲೈಸೆನ್ಸನ್ನು ಪೂರ್ತಿ ಓದಿದೆ. ಪೊಲೀಸರು ಬಂದರೆ ಏನು ಹೇಳಬೇಕೆಂದು ಹೆಂಡತಿಗೂ ಕಲಿಸಿಕೊಟ್ಟೆ. ಷರತ್ತು ಸರಳವಾಗಿತ್ತು. ಬಳಸಿ, ತಿದ್ದಿ, ಹಂಚಿ. ಹಂಚುವಾಗ ತಿದ್ದಿದ ಕೋಡನ್ನೂ, ಎಂದರೆ ಪ್ರೋಗ್ರಾಮಿನ ಮೂಲ ಬರಹವನ್ನೂ, ಈ ಲೈಸೆನ್ಸನ್ನೂ ಜೊತೆಗೇ ಕೊಡಿ.

ಹಾಗೆಯೇ ಕಲ್ಯಾಣದುರ್ಗದಲ್ಲಿ ಕಂಪ್ಯೂಟರ್ ಸೆಂಟರ್ ಇಟ್ಟಿದ್ದ ಚಿಕ್ಕಪ್ಪನ ಮಗನಿಗೆ ಕೊಟ್ಟೆ. ಅವನು ಲೈಸೆನ್ಸ್ ಅಳಿಸಿ, ಒಳಗೆ ಏನೇನೋ ತಿದ್ದಿ, ತನ್ನ ಹೆಸರು ಹಾಕಿ, ಕೋಡ್ ಬಚ್ಚಿಟ್ಟು, ಅಲ್ಲಿನ ನೇಕಾರರ ಸೊಸೈಟಿಗೆ ಮಾರಿದ. ಸೊಸೈಟಿಯವರು ಹೊಸ ಕಂಪ್ಯೂಟರ್ ತಂದದ್ದೇ ತಡ, ಜೋಡಣೆ ಕಡಿದುಹೋಯಿತು. ಯಾರಿಗೆಷ್ಟು ನೂಲು ಎಂಬ ಲೆಕ್ಕ ಒಳಗೇ ಉಳಿದು, ಹೊರಗೆ ಮಗ್ಗಗಳು ನಿಂತವು. 'ಹೊಸದಾಗಿ ಕೊಂಡ್ಕೊಳ್ಳಿ' ಎಂದನಂತೆ ತಮ್ಮ. ಸೊಸೈಟಿಯ ಕಾರ್ಯದರ್ಶಿ ನನಗೆ ಫೋನ್ ಮಾಡಿದರು. ಅವನ ಕೋಡ್ ಸಿಗದೆ ನಾನೂ ಕೈಹಾಕುವಂತಿರಲಿಲ್ಲ.

ಕಲ್ಯಾಣದುರ್ಗಕ್ಕೆ ಹೊರಟೆ. ಬಸ್ಸು ಮಡಕಶಿರಾ ದಾಟುವವರೆಗೆ ಬೈಗುಳ ಜೋಡಿಸಿಕೊಂಡೆ. ದಾಟಿದ ಮೇಲೆ ಬಿಪಿ ಮಾತ್ರೆ ಮರೆತದ್ದು ನೆನಪಾಗಿ ಅರ್ಧ ಬೈಗುಳ ಮರೆತುಹೋಯಿತು.

"ಏಮನ್ನಾ, ಹೇಳ್ದೆ ಕೇಳ್ದೆ ಬಂದ್ಬುಟ್ಟೆ?" ಎಂದ ತಮ್ಮ.

"ಲೈಸೆನ್ಸ್ ಯಾಕ್ಲಾ ಅಳಿಸ್ದೆ?"

"ನಿನ್ನ ಬಿಟ್ರೆ ಅದನ್ನ ಯಾರಣ್ಣ ಓದ್ತಾರೆ? ಅಮೆರಿಕಾದೋನು ಕಲ್ಯಾಣದುರ್ಗಕ್ಕೆ ಬಂದು ಕೇಸ್ ಹಾಕ್ತಾನಾ?"

ಮೈ ಉರಿಯಿತು. ನಮ್ಮದು ನೇಕಾರರ ಮನೆತನ. ಸೀರೆಯಂಚಿನ ವಿನ್ಯಾಸಕ್ಕೆಂದು ಮಗ್ಗದ ಮೇಲೆ ಕಟ್ಟುವ, ತೂತು ಹೊಡೆದ ರಟ್ಟುಗಳನ್ನು ಮನೆಯಿಂದ ಮನೆಗೆ ಎರವಲು ಕೊಡುತ್ತಿದ್ದೆವು. ವಿನ್ಯಾಸ ತಿದ್ದಿದವರು ತಿದ್ದಿದ ರಟ್ಟಿನ ನಕಲನ್ನೂ ಸೇರಿಸಿ ಹಿಂದಿರುಗಿಸಬೇಕು. ಬಚ್ಚಿಟ್ಟವರಿಗೆ ಮುಂದೆ ಯಾವ ಮನೆಯಲ್ಲೂ ರಟ್ಟು ಹುಟ್ಟುತ್ತಿರಲಿಲ್ಲ.

"ಅಮೆರಿಕಾದೋನು ಬರಲ್ಲ ಕಣ್ಲಾ. ನಾನೇ ಸೊಸೈಟಿಗೆ ಹೋಯ್ತೀನಿ. ಇವನು ರಟ್ಟು ಬಚ್ಚಿಟ್ಟೋನು ಅಂತ ಎಲ್ರ ಮುಂದೆ ಹೇಳ್ತೀನಿ. ಚಿಕ್ಕಪ್ಪ ಇನ್ನೂ ಮಗ್ಗದಲ್ಲಿ ಕೂತ್ಕೊತಾನೆ. ನಾಳೆಯಿಂದ ಅವನಿಗೆ ಯಾರು ರಟ್ಟು ಕೊಡ್ತಾರೋ ನೋಡ್ಕೊ."

"ಅಪ್ಪನ್ನ ಯಾಕೆ ಎಳೀತೀಯ" ಎಂದು ಗೊಣಗಿದ. ಗೊಣಗುತ್ತಲೇ ಕೋಡನ್ನು ಫ್ಲಾಪಿಗೆ ಹಾಕಿಕೊಟ್ಟ.

ಸೊಸೈಟಿಯಲ್ಲಿ ಕೂತು ಕೋಡ್ ಸರಿಪಡಿಸಿ, ನನ್ನ ಸಿಡಿಯಿಂದ ಲೈಸೆನ್ಸನ್ನೂ ಮತ್ತೆ ಸೇರಿಸಿದೆ. ಸಂಜೆಯೊಳಗೆ ಲೆಕ್ಕ ತೆರೆದುಕೊಂಡಿತು. ನೂಲು ಹಂಚಲು ಶುರುವಾಯಿತು. ಕಾರ್ಯದರ್ಶಿ ಸಮಾಧಾನದಿಂದ ಎಲೆಯಡಿಕೆ ಹಾಕಿಕೊಂಡು, "ಏನೇ ಆಗ್ಲಿ ಕಣಪ್ಪ, ನಿಮ್ಮ ತಮ್ಮ ಒಳ್ಳೇ ಪ್ರೋಗ್ರಾಮ್ ಬರ್ದವ್ನೆ" ಎಂದರು.

ನಾನು ಅವರನ್ನು ಕುರ್ಚಿಯಲ್ಲಿ ಕೂರಿಸಿ, ಲೈಸೆನ್ಸನ್ನು ಪರದೆಯ ಮೇಲೆ ತೆರೆದು, ಸಾಲು ಸಾಲಾಗಿ ಅರ್ಥ ಹೇಳತೊಡಗಿದೆ. ನೂಲು ಸಿಕ್ಕವರು ಒಬ್ಬೊಬ್ಬರೇ ಮನೆಗೆ ಹೋದರು. ನಾನಿನ್ನೂ ಓದುತ್ತಲೇ ಇದ್ದೆ.